ಸಂದರ್ಶನಕ್ಕೆ ಮುಂಚೆ ಕಂಪನಿ ಬಗ್ಗೆ ಏನೇನು ಹುಡುಕಬೇಕು, ಎಲ್ಲಿಗೆ ನಿಲ್ಲಿಸಬೇಕು?

ಅರ್ಜಿದಾರ_27

ಮುಂದಿನ ವಾರ ಸಂದರ್ಶನ. ಫೋನಿನಲ್ಲಿ "ನಮ್ಮ ಕಂಪನಿ ಬಗ್ಗೆ ಸ್ವಲ್ಪ ಓದಿಕೊಂಡು ಬನ್ನಿ" ಅಂದಿದ್ದಾರೆ. ವೆಬ್‌ಸೈಟಿನ "ನಮ್ಮ ಬಗ್ಗೆ" ಪುಟ ಓದಿ ಮುಗಿಸಿದೆ. ಸ್ಥಾಪನೆಯಾದ ವರ್ಷ, ಒಂದು ಧ್ಯೇಯವಾಕ್ಯ, ನಗುಮುಖದ ಫೋಟೋಗಳು, ಅಷ್ಟೇ. ಇದರಾಚೆ ಎಲ್ಲಿ ಹುಡುಕಬೇಕು, ಯಾವುದು ಮೊದಲು, ಎಷ್ಟು ಹೊತ್ತು? ಸಿಕ್ಕಿದ್ದನ್ನು ಅಲ್ಲಿ ಕೂತಾಗ ಹೇಗೆ ಹೇಳಬೇಕು? ಕಂಪನಿ ಸರಕು ಸಾಗಣೆ ಮತ್ತು ಗೋದಾಮಿನದು, ಮಧ್ಯಮ ಗಾತ್ರ, ಷೇರುಪೇಟೆಯಲ್ಲಿ ಇಲ್ಲ. ಹುದ್ದೆ ಆಪರೇಷನ್ಸ್ ಅನಾಲಿಸ್ಟ್.

ಎಚ್ಆರ್_ಹಿಂಬಾಗಿಲು

ವೆಬ್‌ಸೈಟಿಗೂ ಮುಂಚೆ ಕೈಗೆತ್ತಿಕೊಳ್ಳಬೇಕಾದ ಕಾಗದ ನಿಮ್ಮ ಹತ್ತಿರವೇ ಇದೆ: ಹುದ್ದೆಯ ಜಾಹೀರಾತು. ಅದನ್ನ ಇವತ್ತೇ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಅರ್ಜಿಗಳ ಜರಡಿ ಮುಗೀತಿದ್ದಂಗೆ ಎಷ್ಟೋ ಕಡೆ ಜಾಹೀರಾತು ತೆಗೆದುಬಿಡ್ತಾರೆ. ಸಂದರ್ಶನದ ಹಿಂದಿನ ರಾತ್ರಿ ಕೊಂಡಿ ಒತ್ತಿದರೆ "ಈ ಪುಟ ಲಭ್ಯವಿಲ್ಲ" ಅನ್ನುತ್ತೆ.

ಪ್ರಿಂಟ್ ತೆಗೆದು ಪೆನ್ನು ಹಿಡಿದು ಓದಿ. ಜವಾಬ್ದಾರಿಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಮೊದಲ ಮೂರು ಸಾಲು ನಿಜವಾದ ಕೆಲಸ. ಕೊನೆಯ ನಾಲ್ಕೈದು ಹಳೇ ಜಾಹೀರಾತಿನಿಂದ ಎತ್ತಿ ಅಂಟಿಸಿದ್ದಿರುತ್ತೆ. ಎರಡು ಮೂರು ಸಲ ಬಂದ ಪದಕ್ಕೆ ಗೆರೆ ಹಾಕಿ. "ಹಲವು ತಂಡಗಳ ನಡುವೆ ಸಮನ್ವಯ" ಅಂತ ಮೂರು ಕಡೆ ಇದ್ದರೆ, ಆ ತಂಡಗಳ ನಡುವೆ ಈಗ ಏನೋ ಸರಿಯಿಲ್ಲ ಅಂತಲೇ ಅನುಮಾನ ಪಡಿ. "ಅಸ್ಪಷ್ಟ ಸನ್ನಿವೇಶದಲ್ಲೂ ಕೆಲಸ ಮಾಡಬಲ್ಲವರು" ಅಂದರೆ ಪ್ರಕ್ರಿಯೆ ಇನ್ನೂ ಬರೆದಿಟ್ಟಿಲ್ಲ, ನೀವೇ ಬರೆಯಬೇಕು. "ಯಾರಿಗೆ ವರದಿ ಮಾಡಬೇಕು" ಅನ್ನೋ ಸಾಲು ಇದೆಯಾ ನೋಡಿ. ಇಲ್ಲದಿದ್ದರೆ ಅದೇ ನಿಮ್ಮ ಮೊದಲ ಪ್ರಶ್ನೆ.

ಆಮೇಲೆ ಒಂದು ಹಾಳೆಯಲ್ಲಿ ಮೂರು ಅಂಕಣ ಎಳೆಯಿರಿ. ಎಡಕ್ಕೆ ಅವರು ಕೇಳಿದ್ದು, ನಡುವೆ ಅದಕ್ಕೆ ಹೊಂದುವ ನಿಮ್ಮ ಕೆಲಸ, ಬಲಕ್ಕೆ ಈ ಕಂಪನಿಗೆ ಅದು ಈಗ ಯಾಕೆ ಬೇಕಾಗಿದೆ ಅನ್ನೋದಕ್ಕೆ ಪುರಾವೆ. ಬಲಗಡೆ ಅಂಕಣ ಖಾಲಿ ಇರುತ್ತೆ. ಮುಂದಿನ ಹುಡುಕಾಟ ಎಲ್ಲ ಅದನ್ನ ತುಂಬೋದಕ್ಕೆ. ಅಲ್ಲಿಗೆ ಸೇರದ ಮಾಹಿತಿ ಎಷ್ಟೇ ರುಚಿಯಾಗಿದ್ದರೂ ಬಿಡಿ.

ಲೆಕ್ಕಪುಸ್ತಕ

ಇವರ ಕಂಪನಿ ಷೇರುಪೇಟೆಯಲ್ಲಿಲ್ಲ, ಆದರೂ ಈ ಚರ್ಚೆ ಓದುವ ಉಳಿದವರಿಗಾಗಿ ವಾರ್ಷಿಕ ವರದಿ ಓದುವ ಕ್ರಮ ಬರೆಯುತ್ತೇನೆ. 200, 300 ಪುಟ ನೋಡಿ ಹೆದರುವುದು ಬೇಡ, ಓದಬೇಕಾದದ್ದು ಇಪ್ಪತ್ತು ಪುಟ. ಹಿಂದಿನಿಂದ ಮುಂದಕ್ಕೆ ಬನ್ನಿ. ಅಧ್ಯಕ್ಷರ ಪತ್ರ ಕೊನೆಗೆ.

ಮೊದಲು ಲೆಕ್ಕಪರಿಶೋಧಕರ ವರದಿ. ಇಲ್ಲಿ "ಕ್ವಾಲಿಫೈಡ್ ಒಪೀನಿಯನ್" ಅಂತ ಕಂಡರೆ ಅರ್ಹತೆ ಪಡೆದದ್ದು, ಒಳ್ಳೆಯದು ಎಂದು ಓದುವವರಿದ್ದಾರೆ. ಅದು ತಿರುವುಮುರುವು. ಪರಿಶೋಧಕರಿಗೆ ಯಾವುದೋ ಒಂದು ಬಾಬ್ತು ಒಪ್ಪಿಗೆಯಾಗಿಲ್ಲ ಎಂದರ್ಥ. "ಅನ್‌ಕ್ವಾಲಿಫೈಡ್" ಅಥವಾ "ಅನ್‌ಮಾಡಿಫೈಡ್" ಇದ್ದರೆ ನಿರಾಳ. "ಗೋಯಿಂಗ್ ಕನ್ಸರ್ನ್" ಎಂಬ ಪದಗಳ ಹತ್ತಿರ "ಮೆಟೀರಿಯಲ್ ಅನ್‌ಸರ್ಟನ್ಟಿ" ಕಂಡರೆ ಕಂಪನಿ ಮುಂದೆ ನಡೆಯುತ್ತದೋ ಇಲ್ಲವೋ ಎಂಬ ಬಗ್ಗೆಯೇ ಗಂಭೀರ ಅನುಮಾನ ಬರೆದಿದ್ದಾರೆ.

ಎರಡನೆಯದು ನಗದು ಹರಿವಿನ ಪಟ್ಟಿ, ಕ್ಯಾಶ್ ಫ್ಲೋ ಸ್ಟೇಟ್‌ಮೆಂಟ್. ಇದಕ್ಕೊಂದು ಕಲ್ಪಿತ ಉದಾಹರಣೆ. ಒಂದು ಕಂಪನಿಯ ವ್ಯಾಪಾರ ಹೋದ ವರ್ಷ 80 ಕೋಟಿ, ಈ ವರ್ಷ 100 ಕೋಟಿ. ಲಾಭ 9 ಕೋಟಿ. ಪತ್ರಿಕಾ ಪ್ರಕಟಣೆಯಲ್ಲಿ "ಶೇ 25 ಬೆಳವಣಿಗೆ" ಎಂದಿರುತ್ತದೆ. ಆದರೆ ಗ್ರಾಹಕರಿಂದ ಬರಬೇಕಾದ ಬಾಕಿ 14 ಕೋಟಿಯಿಂದ 30 ಕೋಟಿಗೆ ಏರಿದೆ. ಬಾಕಿಯನ್ನು ವರ್ಷದ ವ್ಯಾಪಾರದಿಂದ ಭಾಗಿಸಿ 365ರಿಂದ ಗುಣಿಸಿ. ಹೋದ ವರ್ಷ ಸುಮಾರು 64 ದಿನ, ಈ ವರ್ಷ ಸುಮಾರು 110 ದಿನ. ಅಂದರೆ ಮಾಲು ಹೋಗುತ್ತಿದೆ, ದುಡ್ಡು ಬರುತ್ತಿಲ್ಲ. 9 ಕೋಟಿ ಲಾಭದಲ್ಲಿ ಬಾಕಿಗೆ ಸಿಕ್ಕಿಕೊಂಡ ಹೆಚ್ಚುವರಿ 16 ಕೋಟಿ ಕಳೆದರೆ, ಉಳಿದ ಹೊಂದಾಣಿಕೆಗಳನ್ನು ಬಿಟ್ಟು ನೋಡಿದಾಗ, ಕಾರ್ಯಾಚರಣೆಯ ನಗದು 7 ಕೋಟಿ ಮೈನಸ್. ಒಂದು ವರ್ಷ ಹೀಗಾದರೆ ಹೊಸ ದೊಡ್ಡ ಗ್ರಾಹಕರು ಸೇರಿರಬಹುದು. ಮೂರು ವರ್ಷ ಸತತವಾಗಿ ಹೀಗಿದ್ದರೆ ಸಂಬಳದ ತಾರೀಖಿನ ಬಗ್ಗೆ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಮೂರನೆಯದು ಟಿಪ್ಪಣಿಗಳು. ಅದರಲ್ಲೂ ಸೆಗ್ಮೆಂಟ್ ಟಿಪ್ಪಣಿ, ಅಂದರೆ ವ್ಯಾಪಾರವನ್ನು ವಿಭಾಗವಾರು ಬಿಡಿಸಿ ತೋರಿಸುವ ಭಾಗ. ಒಬ್ಬನೇ ಗ್ರಾಹಕನಿಂದ ಶೇ 10 ಅಥವಾ ಅದಕ್ಕಿಂತ ಹೆಚ್ಚು ಆದಾಯ ಬರುತ್ತಿದ್ದರೆ ಷೇರುಪೇಟೆಯ ಕಂಪನಿಗಳು ಅದನ್ನು ತಿಳಿಸಬೇಕು. ಲೆಕ್ಕಪತ್ರ ಮಾನದಂಡಗಳಾದ ಅಂತರರಾಷ್ಟ್ರೀಯ ಐಎಫ್ಆರ್‌ಎಸ್ 8, ಭಾರತದ ಇಂಡ್ ಎಎಸ್ 108, ಅಮೆರಿಕದ ಎಎಸ್‌ಸಿ 280 ಮೂರೂ ಇದನ್ನೇ ಕೇಳುತ್ತವೆ. ಗ್ರಾಹಕನ ಹೆಸರು ಹೇಳಬೇಕಿಲ್ಲ, ಪಾಲು ಮಾತ್ರ. "ಒಬ್ಬ ಗ್ರಾಹಕನಿಂದ ಶೇ 38" ಎಂಬ ಒಂದು ಸಾಲು ಇಡೀ ಅಧ್ಯಕ್ಷರ ಪತ್ರಕ್ಕಿಂತ ಹೆಚ್ಚು ಹೇಳುತ್ತದೆ.

ಅಮೆರಿಕದ ಷೇರುಪೇಟೆಯಲ್ಲಿ ಪಟ್ಟಿಯಾದ ಅಮೆರಿಕದ ಕಂಪನಿಯಾದರೆ ಅಲ್ಲಿನ ಷೇರುಪೇಟೆ ನಿಯಂತ್ರಕ ಎಸ್‌ಇಸಿಯ ಎಡ್ಗರ್ ತಾಣದಲ್ಲಿ 10-ಕೆ ಎಂಬ ವಾರ್ಷಿಕ ವರದಿ ತೆರೆಯಿರಿ. ಐಟಂ 1 ವ್ಯಾಪಾರ, 1ಎ ಅಪಾಯಗಳು, 3 ಮೊಕದ್ದಮೆಗಳು, 7 ಆಡಳಿತ ಮಂಡಳಿಯ ವಿಶ್ಲೇಷಣೆ. ಅಪಾಯಗಳ ಭಾಗದಲ್ಲಿ ಎಲ್ಲರೂ ಬರೆಯುವ ಸಾಂಕ್ರಾಮಿಕ, ಸೈಬರ್ ದಾಳಿ ಇತ್ಯಾದಿ ಹಾರಿಸಿ. ಹೋದ ವರ್ಷದ ವರದಿಯನ್ನು ಪಕ್ಕದಲ್ಲಿ ಇಟ್ಟುಕೊಂಡು ಈ ವರ್ಷ ಹೊಸದಾಗಿ ಸೇರಿದ ಪ್ಯಾರಾ ಯಾವುದು ಎಂದು ಹುಡುಕಿ. ವಿಷಯ ಅಲ್ಲಿರುತ್ತದೆ.

ತಡರಾತ್ರಿ

ಅನಾಲಿಸ್ಟ್ ಹುದ್ದೆಗೆ ಇಷ್ಟೆಲ್ಲಾನಾ ಮಾರಾಯ್ರೇ? ಕಂಪನಿ ಕೊಳ್ಳೋಕೆ ಹೊರಟ ಹಾಗಿದೆ.

ಎಚ್ಆರ್_ಹಿಂಬಾಗಿಲು

ಸುತ್ತಿನ ಮೇಲೆ ಹೋಗುತ್ತೆ. ಮೊದಲ ಫೋನ್ ಸುತ್ತಿಗೆ 20ರಿಂದ 30 ನಿಮಿಷ ಸಾಕು: ಜಾಹೀರಾತು, ಕಂಪನಿ ಏನು ಮಾರುತ್ತೆ, ಯಾರಿಗೆ ಮಾರುತ್ತೆ. ಮ್ಯಾನೇಜರ್ ಜೊತೆಗಿನ ಸುತ್ತಿಗೆ ಎರಡು ಮೂರು ಗಂಟೆ. ಕೊನೆ ಸುತ್ತಿಗೆ ಇನ್ನೊಂದು ಗಂಟೆ ಸೇರಿಸಿ, ಅದೂ ಹಿಂದಿನ ಸುತ್ತುಗಳಲ್ಲಿ ಅವರೇ ಬಾಯಿಬಿಟ್ಟ ವಿಷಯಗಳ ಮೇಲೆ. ಹತ್ತು ಗಂಟೆ ಓದಿ ಬಂದವರು ಕೇಳದ್ದಕ್ಕೂ ಉತ್ತರ ಕೊಡ್ತಾರೆ, ಎದುರು ಕೂತವರಿಗೆ ಅದು ಗೊತ್ತಾಗುತ್ತೆ.

ಅರ್ಜಿದಾರ_27

ಷೇರುಪೇಟೆಯಲ್ಲಿಲ್ಲದ ಕಂಪನಿಗೆ ವಾರ್ಷಿಕ ವರದಿಯೇ ಸಿಗಲ್ಲವಲ್ಲ. ಆಗ?

ದಾಖಲೆದಾರ

ಹೊಳಪು ಕಾಗದದ ವರದಿ ಸಿಗದಿದ್ದರೂ ದಾಖಲೆ ಇದ್ದೇ ಇರುತ್ತದೆ. ಸೀಮಿತ ಹೊಣೆಯ ಕಂಪನಿ ಅಂದಮೇಲೆ ಯಾವುದೋ ಒಂದು ಸರ್ಕಾರಿ ನೋಂದಣಿಯಲ್ಲಿ ಅದರ ಹೆಸರಿರಲೇಬೇಕು.

ಮೊದಲ ಎಡವು ಹೆಸರಿನಲ್ಲೇ. ಬೋರ್ಡಿನ ಮೇಲಿನ ಬ್ರ್ಯಾಂಡ್ ಹೆಸರು ಬೇರೆ, ನೋಂದಾಯಿತ ಹೆಸರು ಬೇರೆ. ನೋಂದಾಯಿತ ಹೆಸರು ವೆಬ್‌ಸೈಟಿನ ತಳದಲ್ಲಿ, ಗೋಪ್ಯತಾ ನೀತಿಯ ಮೊದಲ ಪ್ಯಾರಾದಲ್ಲಿ, ಇಲ್ಲವೇ ಷರತ್ತುಗಳ ಪುಟದಲ್ಲಿ ಇರುತ್ತದೆ. ಒಂದೇ ಗುಂಪಿನಲ್ಲಿ ಮಾತೃಸಂಸ್ಥೆ, ಅಂಗಸಂಸ್ಥೆ ಅಂತ ನಾಲ್ಕೈದು ಇರಬಹುದು. ನಿಮ್ಮ ನೇಮಕಾತಿ ಪತ್ರ ಯಾವುದರ ಹೆಸರಲ್ಲಿ ಬರುತ್ತದೋ ಅದನ್ನ ನೋಡಬೇಕು. ಗುಂಪಿನ ದೊಡ್ಡ ಕಂಪನಿಯ ಲಾಭ ನೋಡಿ ಖುಷಿಪಟ್ಟು, ನಷ್ಟದ ಅಂಗಸಂಸ್ಥೆಗೆ ಸೇರಿಕೊಳ್ಳೋದು ಅಪರೂಪವೇನಲ್ಲ.

ಭಾರತದಲ್ಲಿ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ಮಾಸ್ಟರ್ ಡೇಟಾ ನೋಡಬಹುದು. ಅಲ್ಲಿ ಸಿಗುವ ಸಿಐಎನ್, ಅಂದರೆ ಕಂಪನಿಯ ಗುರುತಿನ ಸಂಖ್ಯೆ, 21 ಅಕ್ಷರದ್ದು, ಅದನ್ನ ಬಿಡಿಸಿ ಓದೋದು ಸುಲಭ. ಮೊದಲಕ್ಷರ ಎಲ್ ಆದರೆ ಷೇರುಪೇಟೆಯಲ್ಲಿದೆ, ಯು ಆದರೆ ಇಲ್ಲ. ಮುಂದಿನ 5 ಅಂಕಿ ಉದ್ಯಮದ ಸಂಕೇತ, 2 ಅಕ್ಷರ ರಾಜ್ಯ, 4 ಅಂಕಿ ನೋಂದಣಿಯಾದ ವರ್ಷ, 3 ಅಕ್ಷರ ಕಂಪನಿಯ ಬಗೆ, ಕೊನೆಯ 6 ನೋಂದಣಿ ಸಂಖ್ಯೆ. ವೆಬ್‌ಸೈಟಲ್ಲಿ "25 ವರ್ಷಗಳ ಅನುಭವ" ಅಂತಿದ್ದು ಸಿಐಎನ್‌ನಲ್ಲಿ ವರ್ಷ 2021 ಇದ್ದರೆ, ಹಳೇ ಪಾಲುದಾರಿಕೆ ಸಂಸ್ಥೆ ಕಂಪನಿಯಾಗಿರಬಹುದು, ಅಥವಾ ಆ 25 ವರ್ಷ ಮಾಲೀಕರ ವೈಯಕ್ತಿಕ ಅನುಭವ ಇರಬಹುದು. ಎರಡಕ್ಕೂ ವ್ಯತ್ಯಾಸ ಇದೆ, ಕೇಳಬಹುದು.

ಅದೇ ಪುಟದಲ್ಲಿ ಕೊನೆಯ ಬ್ಯಾಲೆನ್ಸ್ ಶೀಟಿನ ದಿನಾಂಕ ಮತ್ತು ಕೊನೆಯ ವಾರ್ಷಿಕ ಸಭೆಯ ದಿನಾಂಕ ನೋಡಿ. ಎರಡು ವರ್ಷ ಹಿಂದೆ ಬಿದ್ದಿದ್ದರೆ ಲೆಕ್ಕ ಸಲ್ಲಿಸೋದರಲ್ಲಿ ಶಿಸ್ತಿಲ್ಲ. ಚಾರ್ಜ್‌ಗಳ ಪಟ್ಟಿ ಅಂದರೆ ಯಾವ ಬ್ಯಾಂಕಿಗೆ ಏನನ್ನ ಒತ್ತೆ ಇಟ್ಟಿದ್ದಾರೆ ಅನ್ನೋದು. ಸಾಲ ಇರೋದೇ ತಪ್ಪಲ್ಲ. ನಿಮ್ಮಂಥ ಗೋದಾಮಿನ ಕಂಪನಿ ಇತ್ತೀಚೆಗೆ ಹೊಸ ಚಾರ್ಜ್ ಬರೆಸಿದ್ದರೆ ವಿಸ್ತರಣೆ ನಡೆಯುತ್ತಿರಬಹುದು.

ಬ್ರಿಟನ್ನಿನಲ್ಲಿ ಕಂಪನೀಸ್ ಹೌಸ್ ತಾಣದಲ್ಲಿ ಇದೆಲ್ಲ ಉಚಿತ: ಸಲ್ಲಿಕೆಗಳ ಇತಿಹಾಸ, ನಿರ್ದೇಶಕರು, ಚಾರ್ಜ್‌ಗಳು. ಸಣ್ಣ ಕಂಪನಿಗಳು ಲಾಭ-ನಷ್ಟದ ಪಟ್ಟಿ ಕೊಡದೆ ಬ್ಯಾಲೆನ್ಸ್ ಶೀಟ್ ಮಾತ್ರ ಹಾಕಿರಬಹುದು, ಅದನ್ನ ಮುಚ್ಚುಮರೆ ಅಂತ ತಿಳಿಯಬೇಡಿ. ಒಂದೇ ವರ್ಷದಲ್ಲಿ ಹಣಕಾಸು ನಿರ್ದೇಶಕರು ಎರಡು ಸಲ ಬದಲಾಗಿದ್ದರೆ ಮಾತ್ರ ಪೆನ್ನಿಂದ ಗುಂಡು ಹಾಕಿ.

ಹೆಚ್ಚಿನವರು ನೋಡದೆ ಬಿಡೋ ಜಾಗ ಇನ್ನೊಂದಿದೆ. ಬ್ಯಾಂಕ್ ಸಾಲ ಪಡೆದ ಖಾಸಗಿ ಕಂಪನಿಗಳಿಗೂ ಕ್ರೆಡಿಟ್ ರೇಟಿಂಗ್, ಅಂದರೆ ಸಾಲ ತೀರಿಸೋ ಸಾಮರ್ಥ್ಯಕ್ಕೆ ಕೊಟ್ಟ ದರ್ಜೆ, ಇರಬಹುದು. ಭಾರತದಲ್ಲಿ ಕ್ರಿಸಿಲ್, ಇಕ್ರಾ, ಕೇರ್ ಮುಂತಾದವು ರೇಟಿಂಗ್ ಕೊಟ್ಟ ಕಾರಣವನ್ನ ತಮ್ಮ ತಾಣದಲ್ಲೇ ಹಾಕುತ್ತವೆ. ಮೂರು ನಾಲ್ಕು ಪುಟ, ಬಲಗಳು ಇವು, ದೌರ್ಬಲ್ಯಗಳು ಇವು ಅಂತ ನೇರ ಬರವಣಿಗೆ. ಕಂಪನಿಯ ನೋಂದಾಯಿತ ಹೆಸರಿನ ಜೊತೆ "ರೇಟಿಂಗ್ ರ್ಯಾಷನಲ್" ಅಂತ ಇಂಗ್ಲಿಷಿನಲ್ಲಿ ಹುಡುಕಿ. "ಇಶ್ಯುಯರ್ ನಾಟ್ ಕೋಆಪರೇಟಿಂಗ್" ಅಂತ ಬಂದರೆ ಕಂಪನಿ ರೇಟಿಂಗ್ ಸಂಸ್ಥೆಗೆ ಬೇಕಾದ ಮಾಹಿತಿ ಕೊಟ್ಟಿಲ್ಲ ಅಂತ.

ಲೆಕ್ಕಪುಸ್ತಕ

ರೇಟಿಂಗ್ ಟಿಪ್ಪಣಿಯ ಮಾತು ಅಪ್ಪಟ ಸರಿ. ಖಾಸಗಿ ಕಂಪನಿಯ ಬಗ್ಗೆ ಹೊರಗಿನವರು ಕೂತು ವಿಚಾರಿಸಿ ಬರೆದ ಕಾಗದ ಬೇರೆ ಸಿಗುವುದು ಕಷ್ಟ. ದಿನಾಂಕ ಮಾತ್ರ ನೋಡಿಕೊಳ್ಳಿ, ಹಳೆಯ ಟಿಪ್ಪಣಿಯೇ ಮೊದಲು ಕಣ್ಣಿಗೆ ಬೀಳುವುದುಂಟು.

ಹೂಡಿಕೆಯ ದುಡ್ಡಲ್ಲಿ ನಡೆಯುವ ಸ್ಟಾರ್ಟಪ್ ಆದರೆ ಲೆಕ್ಕ ಇನ್ನೂ ಸರಳ. ಕೈಯಲ್ಲಿರುವ ನಗದನ್ನು ತಿಂಗಳಿಗೆ ಕರಗುವ ಮೊತ್ತದಿಂದ ಭಾಗಿಸಿದರೆ ಬರುವುದು ರನ್‌ವೇ. ಹೊರಗಿನವರಿಗೆ ಎರಡೂ ಸಂಖ್ಯೆ ಸಿಗುವುದಿಲ್ಲ, ಕೊನೆಯ ಹೂಡಿಕೆಯ ಸುತ್ತು ಎಂದಾಯಿತು ಎಂಬುದು ಸಿಗುತ್ತದೆ. ಒಂದು ಸುತ್ತಿನ ಹಣ 18ರಿಂದ 24 ತಿಂಗಳು ಬರಲಿ ಎಂದು ಲೆಕ್ಕ ಹಾಕುವುದು ರೂಢಿ. ಕೊನೆಯ ಸುತ್ತು ಮುಗಿದು 20 ತಿಂಗಳಾಗಿದ್ದರೆ "ರನ್‌ವೇ ಎಷ್ಟು ತಿಂಗಳಿದೆ" ಎಂದು ಕೊನೆಯ ಸುತ್ತಿನಲ್ಲಿ ಕೇಳಿ. ಇದು ಒರಟು ಪ್ರಶ್ನೆಯಲ್ಲ.

ಬಗ್_ಬೇಟೆಗಾರ

ನೋಂದಣಿ ಕಚೇರಿಯಲ್ಲಿ ಸಿಗೋದು ಹೋದ ವರ್ಷದ್ದು. ಈಗ ಏನು ನಡೀತಿದೆ ಅನ್ನೋದು ಬೇರೆ ಕಡೆ ಸಿಗುತ್ತೆ.

ಎಲ್ಲಕ್ಕಿಂತ ಮೊದಲು ಅವರ ಬೇರೆ ಖಾಲಿ ಹುದ್ದೆಗಳ ಪಟ್ಟಿ. ಒಂದೇ ಊರಿಗೆ ಆರು ಜನ ಮೇಲ್ವಿಚಾರಕರು ಬೇಕು ಅಂದರೆ ಅಲ್ಲಿ ಹೊಸ ಗೋದಾಮು ಬರ್ತಿದೆ. ಮಾರಾಟಕ್ಕೆ ಹತ್ತು ಜನ, ಗ್ರಾಹಕ ಸೇವೆಗೆ ಸೊನ್ನೆ ಅಂದರೆ ದೂರುಗಳು ಗುಡ್ಡೆ ಬೀಳ್ತಿರಬಹುದು. ಯಾವ ಸಾಫ್ಟ್‌ವೇರ್ ಬಳಸ್ತಾರೆ ಅನ್ನೋದೂ ಅಲ್ಲೇ ಸಿಗುತ್ತೆ: ಐಟಿ ವಿಭಾಗದ ಜಾಹೀರಾತಲ್ಲಿ "ಎಸ್‌ಎಪಿಗೆ ಡೇಟಾ ವರ್ಗಾವಣೆ" (ಎಸ್‌ಎಪಿ ಅಂದರೆ ಕಂಪನಿಯ ಇಡೀ ವ್ಯವಹಾರ ನಡೆಸೋ ಒಂದು ಸಾಫ್ಟ್‌ವೇರ್) ಅಂತಿದ್ದರೆ ಆಪರೇಷನ್ಸ್ ಅನಾಲಿಸ್ಟ್‌ಗೆ ಮೊದಲ ಆರು ತಿಂಗಳು ಏನು ಕಾದಿದೆ ಅಂತ ಬೇರೆ ಹೇಳಬೇಕಿಲ್ಲ.

ಗೂಗಲ್‌ನಲ್ಲಿ ಇಂಗ್ಲಿಷಿನ "ಸೈಟ್" ಪದ, ಅದಕ್ಕಂಟಿಕೊಂಡು ಕೋಲನ್, ಅದಕ್ಕಂಟಿಕೊಂಡು ಕಂಪನಿಯ ವೆಬ್ ವಿಳಾಸ ಹಾಕಿ. ನಡುವೆ ಜಾಗ ಬಿಟ್ಟರೆ ಕೆಲಸ ಮಾಡಲ್ಲ, ಮಾಮೂಲಿ ಹುಡುಕಾಟ ಆಗಿಬಿಡುತ್ತೆ. ಇದೇ ರೀತಿ "ಫೈಲ್‌ಟೈಪ್" ಕೋಲನ್ ಪಿಡಿಎಫ್ ಸೇರಿಸಿದರೆ ಮೆನುವಿನಲ್ಲಿ ಕಾಣದ ಕೈಪಿಡಿ, ದರಪಟ್ಟಿ, ಪ್ರೆಸೆಂಟೇಶನ್ ಹೊರಬರುತ್ತೆ. ಕಂಪನಿ ಹೆಸರನ್ನ ಉದ್ಧರಣ ಚಿಹ್ನೆಯೊಳಗೆ ಹಾಕಿ, ಅವರದೇ ಸೈಟನ್ನ ಮೈನಸ್ ಚಿಹ್ನೆಯಿಂದ ಹೊರಗಿಟ್ಟರೆ ಬೇರೆಯವರು ಅವರ ಬಗ್ಗೆ ಬರೆದದ್ದು ಮಾತ್ರ ಸಿಗುತ್ತೆ.

ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ 1996ರಿಂದಾಚೆಯ ವೆಬ್ ಪುಟಗಳ ನಕಲುಗಳಿವೆ. ಕಂಪನಿಯ "ನಮ್ಮ ತಂಡ" ಪುಟವನ್ನ ಎರಡು ವರ್ಷ ಹಿಂದಿನದ್ದು, ಇವತ್ತಿನದ್ದು ಅಕ್ಕಪಕ್ಕ ಇಡಿ. ಯಾರು ಮಾಯವಾದರು, ಯಾವ ಸೇವೆ ಪಟ್ಟಿಯಿಂದ ಹೋಯ್ತು ಗೊತ್ತಾಗುತ್ತೆ. ಎಲ್ಲ ಪುಟಗಳ ನಕಲು ಇರಲ್ಲ, ಮುಖಪುಟದಿಂದ ಶುರು ಮಾಡಿ.

ಆಪ್ ಇದ್ದರೆ ಇಳಿಸಿಕೊಂಡು ಒಂದು ಕೆಲಸ ಪೂರ್ತಿ ಮಾಡಿ ನೋಡಿ. ವಿಮರ್ಶೆಗಳನ್ನ "ಹೊಸದು ಮೊದಲು" ಅಂತ ಜೋಡಿಸಿ. ಒಂದು ನಕ್ಷತ್ರದವರು ಬಯ್ತಾರೆ, ಐದರವರು ಹೊಗಳ್ತಾರೆ. ಎರಡು ಮೂರು ನಕ್ಷತ್ರ ಕೊಟ್ಟವರೇ ಏನು ಕೆಟ್ಟಿದೆ ಅಂತ ವಿವರವಾಗಿ ಬರೆಯೋದು. ಸಾಫ್ಟ್‌ವೇರ್ ಕಂಪನಿಯಾದರೆ ಸೇವೆ ಸರಿಯಾಗಿ ನಡೀತಿದೆಯಾ ಅಂತ ತೋರಿಸೋ ಸ್ಟೇಟಸ್ ಪುಟದಲ್ಲಿ ಹಳೇ ಅಡಚಣೆಗಳ ಪಟ್ಟಿ, ಕೋಡ್ ಇಡೋ ತಾಣ ಗಿಟ್‌ಹಬ್‌ನಲ್ಲಿ ಕೊನೆಯ ಬದಲಾವಣೆ ಯಾವಾಗ ಆಯ್ತು ಅನ್ನೋದು, ಇವೆರಡು ಸಾಕು.

ನಿಧಾನಸ್ಥ

ಉದ್ಯೋಗಿಗಳ ವಿಮರ್ಶೆಯ ತಾಣಗಳನ್ನು ಯಾರೂ ಎತ್ತಲಿಲ್ಲ. ಗ್ಲಾಸ್‌ಡೋರ್, ಆಂಬಿಷನ್‌ಬಾಕ್ಸ್‌ನಂಥವು. ನಂಬಬಹುದೇ?

ಎಚ್ಆರ್_ಹಿಂಬಾಗಿಲು

ಒಟ್ಟು ಅಂಕವನ್ನ ನಂಬಬೇಡಿ. ಒಂದೊಂದಾಗಿ ಓದಿದರೆ ಉಪಯೋಗ ಇದೆ. ಹಿಂದಿನ 12ರಿಂದ 18 ತಿಂಗಳು ಮಾತ್ರ ಇಟ್ಟುಕೊಳ್ಳಿ, ನಿಮ್ಮ ವಿಭಾಗದ್ದನ್ನ ಬೇರೆ ಮಾಡಿ. ಒಂದೇ ವಾರದಲ್ಲಿ ಹತ್ತು ಐದು-ನಕ್ಷತ್ರ ವಿಮರ್ಶೆ, ಎಲ್ಲದರಲ್ಲೂ "ಉತ್ತಮ ಕಲಿಕೆಯ ವಾತಾವರಣ" ಅಂತಿದ್ದರೆ ಒಳಗಿಂದ ಹೇಳಿಸಿ ಬರೆಸಿದ್ದು. ಒಂದೇ ದೂರು, ಬೇರೆ ಬೇರೆ ತಿಂಗಳಲ್ಲಿ, ಬೇರೆ ಬೇರೆ ಮಾತಲ್ಲಿ ಮೂರು ಸಲ ಬಂದರೆ ಅದು ನಿಜ ಅಂತ ಹಿಡಿದು ಮುಂದೆ ಹೋಗಬಹುದು. ಸಂದರ್ಶನದ ಪ್ರಶ್ನೆಗಳ ವಿಭಾಗ ಬೇರೆ ಇರುತ್ತೆ, ಎಷ್ಟು ಸುತ್ತು, ಲಿಖಿತ ಪರೀಕ್ಷೆ ಇದೆಯಾ ತಿಳಿಯೋಕೆ ಅದು ಸಾಕು.

ಇನ್ನೊಂದು ಅಳತೆ ನೀವೇ ಮಾಡಬಹುದು. ಲಿಂಕ್ಡ್‌ಇನ್‌ನಲ್ಲಿ ಇದೇ ಹುದ್ದೆಯಲ್ಲಿದ್ದು ಬಿಟ್ಟವರನ್ನ ಹುಡುಕಿ, ಎಷ್ಟು ತಿಂಗಳು ಇದ್ದರು ಬರೆದುಕೊಳ್ಳಿ. ಒಂಬತ್ತು ಜನ ಸಿಕ್ಕರು ಅಂತಿಟ್ಟುಕೊಳ್ಳಿ: 7, 8, 9, 11, 11, 14, 26, 40, 61. ಸರಾಸರಿ ತೆಗೆದರೆ ಸುಮಾರು 21 ತಿಂಗಳು, ಪರವಾಗಿಲ್ಲ ಅನಿಸುತ್ತೆ. ಸಾಲಲ್ಲಿ ನಡುವಿನ ಸಂಖ್ಯೆ ನೋಡಿ, 11. ಅರ್ಧಕ್ಕರ್ಧ ಜನ ವರ್ಷ ತುಂಬೋ ಮುಂಚೆ ಹೋಗಿದ್ದಾರೆ. 40, 61 ಅನ್ನೋ ಇಬ್ಬರು ಹಳಬರು ಸರಾಸರಿಯನ್ನ ಎತ್ತಿ ಹಿಡಿದಿದ್ದಾರೆ ಅಷ್ಟೇ.

ನಿಧಾನಸ್ಥ

ಸಂದರ್ಶನ ಮಾಡುವವರ ಪ್ರೊಫೈಲ್ ನೋಡಿದರೆ ಅವರಿಗೆ ಗೊತ್ತಾಗುತ್ತದಲ್ಲ. ಅದು ಸರಿಯೇ?

ಎಚ್ಆರ್_ಹಿಂಬಾಗಿಲು

ಗೊತ್ತಾದರೆ ಆಗಲಿ, ತಯಾರಿ ಮಾಡಿದ್ದಾರೆ ಅಂದುಕೊಳ್ತಾರೆ. ಬೇಡ ಅನಿಸಿದರೆ ಸೆಟ್ಟಿಂಗ್ಸ್‌ನ ವಿಸಿಬಿಲಿಟಿ ವಿಭಾಗದಲ್ಲಿ ಪ್ರೈವೇಟ್ ಮೋಡ್ ಹಾಕಬಹುದು. ಉಚಿತ ಖಾತೆಯಲ್ಲಿ ಆಗ ನಿಮ್ಮನ್ನ ಯಾರು ನೋಡಿದರು ಅನ್ನೋದೂ ನಿಮಗೆ ಕಾಣಲ್ಲ.

ನೋಡಬೇಕಾದ್ದು ಮೂರೇ: ಈಗಿನ ಹುದ್ದೆಯಲ್ಲಿ ಎಷ್ಟು ಕಾಲದಿಂದ ಇದ್ದಾರೆ, ಯಾವ ಕೆಲಸದಿಂದ ಮೇಲೆ ಬಂದರು, ಇತ್ತೀಚೆಗೆ ಕೆಲಸದ ಬಗ್ಗೆ ಏನಾದರೂ ಬರೆದಿದ್ದಾರಾ. ಲೆಕ್ಕಪತ್ರದಿಂದ ಬಂದ ಮ್ಯಾನೇಜರ್ ಉಳಿತಾಯದ ಮೊತ್ತ ಕೇಳ್ತಾರೆ. ಗೋದಾಮಿನ ನೆಲದಿಂದ ಬಂದವರು ಪಾಳಿಯಲ್ಲಿ ಏನಾಯ್ತು ಅಂತ ಕೇಳ್ತಾರೆ. ಒಂದೇ ಅನುಭವವನ್ನ ಇಬ್ಬರಿಗೂ ಹೇಳೋ ಕ್ರಮ ಬೇರೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಕಡೆ ತಲೆ ಹಾಕಬೇಡಿ. "ನಿಮ್ಮ ಮಗಳ ನೃತ್ಯ ನೋಡಿದೆ ಮೇಡಂ" ಅಂದರೆ ಅಲ್ಲಿಗೆ ಮುಗೀತು.

ಹಳೇ ಉದ್ಯೋಗಿಗಳಿಗೆ ಸಂದೇಶ ಕಳಿಸೋದಾದರೆ ಮೂರು ಸಾಲು ಸಾಕು: ಯಾವ ಹುದ್ದೆಗೆ ಸಂದರ್ಶನ ಇದೆ, ಒಂದೇ ಒಂದು ಪ್ರಶ್ನೆ, ಉತ್ತರಿಸಲು ಆಗದಿದ್ದರೂ ತೊಂದರೆ ಇಲ್ಲ. "ಕಂಪನಿ ಹೇಗಿದೆ ಸರ್?" ಅಂತ ಕೇಳಿದರೆ "ಚೆನ್ನಾಗಿದೆ" ಅಂತಲೇ ಬರುತ್ತೆ. "ಈ ಹುದ್ದೆಯವರ ದಿನದಲ್ಲಿ ಹೆಚ್ಚು ಹೊತ್ತು ಯಾವುದಕ್ಕೆ ಹೋಗುತ್ತೆ?" ಅಂತ ಕೇಳಿ. ಈಗ ಅಲ್ಲೇ ಇರುವವರ ಹತ್ತಿರ ಒಳಗಿನ ಅಂಕಿಅಂಶ ಕೇಳಬೇಡಿ, ಅವರ ಕೆಲಸಕ್ಕೆ ಕುತ್ತು.

ಅರ್ಜಿದಾರ_27

ಎರಡು ದಿನ ಕೂತು ಹುಡುಕಿದೆ. ಹೋದ ವರ್ಷ ಎರಡು ಹೊಸ ಗೋದಾಮು ತೆರೆದಿದ್ದಾರೆ, ಹೊಸ ಚಾರ್ಜ್ ಕೂಡ ಇದೆ. ಈಗಿನ ಖಾಲಿ ಹುದ್ದೆಗಳಲ್ಲಿ ಆರು ಅಲ್ಲಿಗೇ. ಜಾಹೀರಾತಿನ ಮೊದಲ ಸಾಲು "ದಾಸ್ತಾನು ಲೆಕ್ಕದ ವ್ಯತ್ಯಾಸ ತಗ್ಗಿಸುವುದು". "ನಮ್ಮ ಕಂಪನಿಗೇ ಯಾಕೆ?" ಅನ್ನೋ ಪ್ರಶ್ನೆಗೆ ಹೀಗೆ ಬರೆದುಕೊಂಡಿದ್ದೇನೆ, ನೋಡಿ ಹೇಳಿ:

"ನಿಮ್ಮದು ವೇಗವಾಗಿ ಬೆಳೆಯುತ್ತಿರುವ ಹೆಸರಾಂತ ಸಂಸ್ಥೆ. ಹೋದ ವರ್ಷ ಎರಡು ಗೋದಾಮು ತೆರೆದಿದ್ದೀರಿ, ಬ್ಯಾಂಕಿನಿಂದ ಹೊಸ ಸಾಲ ಪಡೆದಿದ್ದೀರಿ. ಗ್ರಾಹಕರೇ ಮೊದಲು ಎಂಬ ನಿಮ್ಮ ಮೌಲ್ಯ ನನಗೆ ಬಹಳ ಇಷ್ಟವಾಯಿತು. ಇಂಥ ಸಂಸ್ಥೆಯಲ್ಲಿ ಕಲಿಯಲು ಅವಕಾಶ ಸಿಕ್ಕರೆ ನನ್ನ ಭಾಗ್ಯ."

ತಡರಾತ್ರಿ

ಸಾಲದ ವಿಷಯ ತೆಗೀರಿ ಮೊದಲು. ಕೂತಲ್ಲೇ ಬೆಚ್ಚಿಬೀಳ್ತಾರೆ.

ಎಚ್ಆರ್_ಹಿಂಬಾಗಿಲು

ಹೌದು, ಸಾಲ ನಿಮ್ಮ ತಿಳುವಳಿಕೆಗೆ, ಅವರೆದುರು ಆಡೋಕಲ್ಲ. "ಹೆಸರಾಂತ", "ಭಾಗ್ಯ", "ಮೌಲ್ಯ" ಎಲ್ಲ ತೆಗೆದುಬಿಡಿ, ಅವನ್ನ ಯಾವ ಕಂಪನಿಯ ಮುಂದೆ ಹೇಳಿದರೂ ನಡೆಯುತ್ತೆ. ಕಂಪನಿಯ ಹೆಸರು ಬದಲಿಸಿದರೂ ಉತ್ತರ ಹೊಂದಿಕೊಂಡರೆ ಆ ಉತ್ತರ ಇನ್ನೂ ಸಿದ್ಧವಾಗಿಲ್ಲ. ಗೋದಾಮಿನ ವಿಷಯ ಇದೆ, ಆದರೆ ಅದನ್ನ ಅವರಿಗೇ ತಿರುಗಿ ಓದಿ ಹೇಳ್ತಿದ್ದೀರಿ. ಅದರಿಂದ ಈ ಹುದ್ದೆಯವರಿಗೆ ಏನು ಕೆಲಸ ಬೀಳುತ್ತೆ ಅನ್ನೋವರೆಗೆ ಎಳೆಯಿರಿ. ಹೀಗೆ ನೋಡಿ:

"ಹೊಸ ಎರಡು ಗೋದಾಮುಗಳಿಗೆ ನೀವು ಈಗ ಜನ ತುಂಬಿಸುತ್ತಿದ್ದೀರಿ ಅಂತ ಖಾಲಿ ಹುದ್ದೆಗಳ ಪಟ್ಟಿಯಲ್ಲಿ ನೋಡಿದೆ. ಈ ಹುದ್ದೆಯ ಮೊದಲ ಜವಾಬ್ದಾರಿ ದಾಸ್ತಾನಿನ ವ್ಯತ್ಯಾಸ ತಗ್ಗಿಸುವುದು. ಹೊಸ ಜಾಗ, ಹೊಸ ಜನ ಇದ್ದಾಗ ಕಂಪ್ಯೂಟರಿನ ಲೆಕ್ಕಕ್ಕೂ ರ್ಯಾಕಿನ ಲೆಕ್ಕಕ್ಕೂ ಅಂತರ ಬೀಳುವುದು ಹೆಚ್ಚು. ನಾನು ಈಗಿನ ಕೆಲಸದಲ್ಲಿ ಸೈಕಲ್ ಕೌಂಟ್ ವರದಿ ನೋಡಿಕೊಳ್ಳುತ್ತೇನೆ, ಯಾವ ರ್ಯಾಕನ್ನು ಎಷ್ಟು ದಿನಕ್ಕೊಮ್ಮೆ ಎಣಿಸಬೇಕು ಎಂದು ನಿಗದಿ ಮಾಡಿದ್ದೇನೆ. ಅದೇ ಕೆಲಸವನ್ನು ಶುರುವಿನಿಂದ ಕಟ್ಟುವ ಜಾಗ ಇದು ಅನಿಸಿತು, ಅದಕ್ಕೆ ಅರ್ಜಿ ಹಾಕಿದೆ."

ಇದನ್ನ ಓದಿ ಮುಗಿಸೋಕೆ ಅರ್ಧ ನಿಮಿಷ ಹಿಡಿಯುತ್ತೆ, ಅಷ್ಟೇ ಇರಲಿ. ಸೈಕಲ್ ಕೌಂಟ್ (ದಾಸ್ತಾನನ್ನ ಸರದಿಯಂತೆ ಭಾಗಭಾಗವಾಗಿ ಎಣಿಸೋದು) ಅನ್ನೋ ಜಾಗಕ್ಕೆ ನೀವು ನಿಜವಾಗಿ ಮಾಡಿದ್ದನ್ನೇ ಹಾಕಿ. ಮುಂದಿನ ಪ್ರಶ್ನೆ ನೇರ ಅಲ್ಲಿಗೇ ಬರುತ್ತೆ, ಬರಲಿ ಅಂತಲೇ ಹಾಗೆ ನಿಲ್ಲಿಸೋದು.

ಲೆಕ್ಕಪುಸ್ತಕ

ಅವರ ಪ್ರಶ್ನೆಗಳು ಮುಗಿದ ಮೇಲೆ "ನಿಮ್ಮದೇನಾದರೂ ಪ್ರಶ್ನೆ?" ಎಂದಾಗ ಕೇಳುವುದಕ್ಕೂ ಇದೇ ಅಗೆತದಿಂದ ತೆಗೆಯಿರಿ. ಐದು ಬರೆದುಕೊಂಡು ಹೋಗಿ, ಎರಡು ಮಾತಿನ ನಡುವೆ ತಾನಾಗಿ ಬಗೆಹರಿಯುತ್ತವೆ. ಇವರ ವಿಷಯದಲ್ಲಿ ಕೇಳಬಹುದಾದ್ದು: ಹೊಸ ಗೋದಾಮು ಮತ್ತು ಹಳೆಯದು ಒಂದೇ ಸಾಫ್ಟ್‌ವೇರಿನಲ್ಲಿವೆಯೇ? ದಾಸ್ತಾನಿನ ವ್ಯತ್ಯಾಸವನ್ನು ಈಗ ಮೌಲ್ಯದಲ್ಲಿ ಅಳೆಯುತ್ತೀರೋ, ವಸ್ತುಗಳ ಸಂಖ್ಯೆಯಲ್ಲೋ? ಈ ಹುದ್ದೆ ಹೊಸದೋ, ಯಾರಾದರೂ ಬಿಟ್ಟು ಹೋದದ್ದೋ? ಆರು ತಿಂಗಳಾದ ಮೇಲೆ ಯಾವ ಸಂಖ್ಯೆ ಎಲ್ಲಿಗೆ ಬಂದಿದ್ದರೆ ಕೆಲಸ ಸರಿಯಾಗಿ ನಡೆದಿದೆ ಎನ್ನುತ್ತೀರಿ?

ಎರಡನೆಯ ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ಮೌಲ್ಯದಲ್ಲಿ ಅಳೆದಾಗ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಇದ್ದದ್ದು ಪರಸ್ಪರ ವಜಾ ಆಗಿ ಒಟ್ಟು ವ್ಯತ್ಯಾಸ ಸೊನ್ನೆಯ ಹತ್ತಿರ ಕಾಣಬಹುದು, ರ್ಯಾಕುಗಳಲ್ಲಿ ಮಾತ್ರ ಎಲ್ಲವೂ ಅದಲುಬದಲು. ಕೆಲಸ ಗೊತ್ತಿದ್ದವರು ಆ ಪ್ರಶ್ನೆ ಕೇಳಿದ ಕೂಡಲೇ ತಲೆ ಎತ್ತುತ್ತಾರೆ.

ದಾಖಲೆದಾರ

ಕಂಪನಿ ಅಸಲಿಯೋ ನಕಲಿಯೋ ಅನ್ನೋ ಪರೀಕ್ಷೆಯನ್ನೂ ಹೇಳಿಬಿಡ್ತೇನೆ, ದೊಡ್ಡ ಕಂಪನಿಗಳ ಹೆಸರಲ್ಲಿ ಬರುವ ಸುಳ್ಳು ಸಂದರ್ಶನಗಳು ಹೆಚ್ಚು. ಮೇಲ್ ಬಂದ ವಿಳಾಸದಲ್ಲಿ ಅಟ್ ಚಿಹ್ನೆಯ ನಂತರದ ಭಾಗವನ್ನ ಅಕ್ಷರ ಅಕ್ಷರವಾಗಿ ಓದಿ. ಸಣ್ಣ ಎಲ್ ಇರಬೇಕಾದಲ್ಲಿ ಅಂಕಿ 1, ಎಂ ಇರಬೇಕಾದಲ್ಲಿ ಆರ್ ಮತ್ತು ಎನ್ ಒಟ್ಟಿಗೆ, ಹೆಸರಿನ ಹಿಂದೆ ಒಂದು ಗೀಟು ಮತ್ತು "ಕರಿಯರ್ಸ್", ಹೀಗೆ. ಇಂಟರ್‌ನೆಟ್ ವಿಳಾಸಗಳ ಮೇಲ್ವಿಚಾರಣೆ ಮಾಡೋ ಐಕ್ಯಾನ್ ಸಂಸ್ಥೆಯ ಲುಕಪ್ ಪುಟದಲ್ಲಿ ಆ ಭಾಗ, ಅಂದರೆ ಡೊಮೈನ್, ಹಾಕಿದರೆ ಸಾಮಾನ್ಯವಾಗಿ ನೋಂದಣಿಯಾದ ದಿನಾಂಕ ಸಿಗುತ್ತೆ. ಮೂವತ್ತು ವರ್ಷದ ಕಂಪನಿಯ ಮೇಲ್ ಡೊಮೈನ್ ಮೂರು ವಾರದ ಹಿಂದೆ ಹುಟ್ಟಿದ್ದರೆ ಉತ್ತರ ಕೊಡಬೇಡಿ. ಅನುಮಾನ ಬಂದಾಗ ಮೇಲ್‌ನಲ್ಲಿರೋ ನಂಬರಿಗೆ ಕರೆ ಮಾಡಬೇಡಿ, ಅಸಲಿ ವೆಬ್‌ಸೈಟಿನ ನಂಬರ್ ನೀವೇ ಹುಡುಕಿ ಮಾಡಿ. ತರಬೇತಿ, ಲ್ಯಾಪ್‌ಟಾಪ್ ಠೇವಣಿ, ದಾಖಲೆ ಪರಿಶೀಲನೆ, ಯಾವ ಹೆಸರಲ್ಲಿ ದುಡ್ಡು ಕೇಳಿದರೂ ಅಲ್ಲಿಗೇ ಬಿಟ್ಟುಬಿಡಿ.

ನಿಧಾನಸ್ಥ

ಇದನ್ನೆಲ್ಲ ಚಾಟ್‌ಬಾಟ್‌ಗೆ ಒಪ್ಪಿಸಿ ಒಂದು ಪುಟದ ಸಾರಾಂಶ ತೆಗೆದರೆ ಆಗದೇ?

ಬಗ್_ಬೇಟೆಗಾರ

ನೀವು ಇಳಿಸಿಕೊಂಡ ಪಿಡಿಎಫ್ ಕೊಟ್ಟು "ಇದರೊಳಗಿರೋದನ್ನ ಮಾತ್ರ, ಪುಟಸಂಖ್ಯೆ ಸಮೇತ ಹೇಳು" ಅಂದರೆ ಸಮಯ ಉಳಿಯುತ್ತೆ. ಬರೀ ಕಂಪನಿ ಹೆಸರು ಕೊಟ್ಟು ಕೇಳಿದರೆ ಅಪಾಯ. ಅಷ್ಟೇನೂ ಹೆಸರಿಲ್ಲದ ಕಂಪನಿಯಾದರೆ ಅದೇ ಹೆಸರಿನ ಇನ್ನೊಂದು ಕಂಪನಿಯ ವಿವರ ಬೆರೆಸುತ್ತೆ, ಇಲ್ಲದ ಪ್ರಶಸ್ತಿ ಹುಟ್ಟಿಸುತ್ತೆ, ಬಿಟ್ಟುಹೋದ ಸಿಇಒ ಇನ್ನೂ ಇದ್ದಾರೆ ಅನ್ನುತ್ತೆ. ಸಂದರ್ಶನದಲ್ಲಿ ಬಾಯಿಬಿಡೋ ಪ್ರತಿ ಹೆಸರು, ಪ್ರತಿ ಸಂಖ್ಯೆಯನ್ನ ಮೂಲ ಪುಟದಲ್ಲಿ ಕಣ್ಣಾರೆ ನೋಡಿರಬೇಕು. ಅಣಕು ಸಂದರ್ಶನಕ್ಕೆ ಬಳಸಿಕೊಳ್ಳಿ, ಆ ಕೆಲಸ ಚೆನ್ನಾಗಿ ಮಾಡುತ್ತೆ: ಜಾಹೀರಾತು ಅಂಟಿಸಿ "ನನ್ನ ಉತ್ತರಕ್ಕೆ ಮೇಲಿಂದ ಮೇಲೆ ಎರಡು ಉಪಪ್ರಶ್ನೆ ಹಾಕು" ಅನ್ನಿ.

ಅರ್ಜಿದಾರ_27

ಸಂದರ್ಶನ ವೀಡಿಯೊ ಕರೆಯಲ್ಲಿ. ಟಿಪ್ಪಣಿ ಎದುರಿಗೆ ಇಟ್ಟುಕೊಳ್ಳಬಹುದೇ?

ಎಚ್ಆರ್_ಹಿಂಬಾಗಿಲು

ಇಟ್ಟುಕೊಳ್ಳಿ. ಒಂದೇ ಹಾಳೆ, ದಪ್ಪಕ್ಷರ, ಪೂರ್ತಿ ವಾಕ್ಯ ಬೇಡ. ಪೂರ್ತಿ ಬರೆದಿದ್ದರೆ ಓದಿಬಿಡ್ತೀರಿ, ಕಣ್ಣು ಎಡದಿಂದ ಬಲಕ್ಕೆ ಓಡೋದು ಪರದೆಯ ಆ ಕಡೆ ಸ್ಪಷ್ಟವಾಗಿ ಕಾಣುತ್ತೆ. ಮೇಲ್ಭಾಗದಲ್ಲಿ ಸಂದರ್ಶಕರ ಹೆಸರು, ಹುದ್ದೆ. ನಡುವೆ ಮೂರು ಅಂಶ, ಒಂದೊಂದಕ್ಕೆ ನಾಲ್ಕೇ ಪದ. ಕೆಳಗೆ ನಿಮ್ಮ ಪ್ರಶ್ನೆಗಳು. ಹಾಳೆಯನ್ನ ಕ್ಯಾಮೆರಾದ ಹಿಂದೆ ಗೋಡೆಗೆ ಅಂಟಿಸಿ, ಮೇಜಿನ ಮೇಲಿಟ್ಟರೆ ತಲೆ ಬಗ್ಗುತ್ತಲೇ ಇರುತ್ತೆ. ಅವರು ಹೇಳೋದನ್ನ ಬರೆದುಕೊಳ್ಳೋಕೆ ಖಾಲಿ ಕಾಗದ ಬೇರೆ ಇಡಿ, "ಬರೆದುಕೊಳ್ಳಬಹುದಾ?" ಅಂತ ಶುರುವಿನಲ್ಲೇ ಕೇಳಿಬಿಡಿ.

ಆವತ್ತು ಬೆಳಿಗ್ಗೆ ಕಂಪನಿ ಹೆಸರನ್ನ ಸುದ್ದಿ ವಿಭಾಗದಲ್ಲಿ, "ಕಳೆದ 24 ಗಂಟೆ" ಅಂತ ಆಯ್ದು ಒಮ್ಮೆ ಹುಡುಕಿ. ಐದು ನಿಮಿಷದ ಕೆಲಸ. ಗೋದಾಮಿಗೆ ಬೆಂಕಿ ಬಿದ್ದ ಸುದ್ದಿ ಬಂದ ದಿನ ದಾಸ್ತಾನಿನ ವ್ಯತ್ಯಾಸದ ಬಗ್ಗೆ ಉತ್ಸಾಹದಿಂದ ಮಾತು ಶುರು ಮಾಡಬಾರದಲ್ಲ.

ಅರ್ಜಿದಾರ_27

ಆಯ್ತು. ಬಲಗಡೆ ಅಂಕಣದಲ್ಲಿ ಇನ್ನು ಒಂದು ಸಾಲು ಖಾಲಿ ಇದೆ: ಸಾಫ್ಟ್‌ವೇರ್ ಯಾವುದು ಅಂತ ಎಲ್ಲೂ ಸಿಗಲಿಲ್ಲ.

ಬಗ್_ಬೇಟೆಗಾರ

ಅಲ್ಲಿ ಈಗ ಕೆಲಸ ಮಾಡೋ ಗೋದಾಮಿನ ಮೇಲ್ವಿಚಾರಕರ ಲಿಂಕ್ಡ್‌ಇನ್ "ಕೌಶಲ"ಗಳ ಪಟ್ಟಿ ನೋಡಿ, ನಾಲ್ಕೈದು ಜನರಲ್ಲಿ ಒಂದೇ ಹೆಸರು ಬಂದರೆ ಅದೇ. ಅಲ್ಲೂ ಇಲ್ಲದಿದ್ದರೆ ಖಾಲಿ ಬಿಡಿ, ಮೊದಲ ಪ್ರಶ್ನೆಯಾಗಿ ಅದನ್ನೇ ಕೇಳಿ.